‘ಮೈ ಫಾದರ್ ಫಾರ್ಮರ್’: ಈ ತಪ್ಪು ಬಂದಿದ್ದು ಎಲ್ಲಿಂದ?

ದಸರಾ ರಜೆಯಲ್ಲಿ ತಿಪಟೂರಿನ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿ ಮೇಲೆ ಕೂತು ಮೊಬೈಲ್ ನೋಡ್ತಾ ಇದ್ದೆ. ಅಕ್ಕ ಒಳಗಿಂದ ಒಂದು ಉತ್ತರ ಪತ್ರಿಕೆ ತಂದು ಕೈಗಿಟ್ಟಳು. “ನೋಡೋ, ನಿನ್ನ ಮುದ್ದಿನ ಪುಟ್ಟಿ ಸಾಧನೆ.”

ಪುಟ್ಟಿ ಈ ವರ್ಷ ಎಸ್ಎಸ್ಎಲ್‌ಸಿ. ಕನ್ನಡ ಮೀಡಿಯಂ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ಕ್ಕೆ 71, ಇಂಗ್ಲಿಷಿಗೆ 80ಕ್ಕೆ 29. ಪತ್ರಿಕೆ ತುಂಬ ಕೆಂಪು ಇಂಕು. ‘ಮೈ ಫಾದರ್ ಫಾರ್ಮರ್’ ಅನ್ನೋದರ ಕೆಳಗೆ ಒಂದು ಗೆರೆ. ‘ಡಿಡ್ ಯೂ ವೆಂಟ್’ ಕೆಳಗೆ ಎರಡು ಗೆರೆ. ಗೆರೆ ಎಳೆದಿದ್ದಾರೆ, ಆದರೆ ಯಾಕೆ ತಪ್ಪು ಅಂತ ಎಲ್ಲೂ ಬರೆದಿಲ್ಲ. ಅಷ್ಟೊಂದು ಮಕ್ಕಳ ಪತ್ರಿಕೆ ತಿದ್ದುವವರಿಗೆ ಬರೆಯೋಕೆ ಪುರುಸೊತ್ತಾದರೂ ಎಲ್ಲಿ?

“ಬಿಡು ಪುಟ್ಟಿ, ಇನ್ನೂ ಟೈಮಿದೆ” ಅಂದೆ.

“ನಾನು ಪಿಯುಸಿಗೆ ಸೈನ್ಸ್ ತಗೊಳ್ಳಲ್ಲ ಮಾಮ. ಆರ್ಟ್ಸ್ ತಗೋತೀನಿ. ಅದಾದ್ರೆ ಕನ್ನಡದಲ್ಲೇ ಬರೀಬಹುದಂತೆ.”

ಆರ್ಟ್ಸ್ ಕಡಿಮೆ ಅಂತ ನಾನು ಹೇಳ್ತಿಲ್ಲ. ಇಷ್ಟಪಟ್ಟು ಇತಿಹಾಸ ಓದ್ತೀನಿ ಅಂದಿದ್ದರೆ ಖುಷಿಯಿಂದ ಪುಸ್ತಕ ತಂದುಕೊಡ್ತಿದ್ದೆ. ಆದರೆ ಈ ಹುಡುಗಿ ಬಲ್ಬು, ಬ್ಯಾಟರಿ ಇಟ್ಟುಕೊಂಡು ಹಿತ್ತಲಲ್ಲಿ ಆಟ ಆಡಿ ಬೆಳೆದವಳು. ಅವಳು ಆರ್ಟ್ಸ್ ಆರಿಸಿಕೊಳ್ತಾ ಇದ್ದದ್ದು ಇಷ್ಟದಿಂದಲ್ಲ, ಇಂಗ್ಲಿಷಿನ ಭಯದಿಂದ.

ಆ ಭಯ ನನಗೆ ಗೊತ್ತು. ನಾನೂ ಕನ್ನಡ ಮೀಡಿಯಂ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವನು. ‘ವೇಗೋತ್ಕರ್ಷ’ದ ಲೆಕ್ಕ ಕಣ್ಣು ಮುಚ್ಚಿ ಮಾಡ್ತಿದ್ದ ನನಗೆ ಪಿಯುಸಿಯ ಮೊದಲ ವಾರ ‘ಆಕ್ಸಲರೇಷನ್’ ಅಂದರೆ ಅದೇ ಅಂತ ಗೊತ್ತಾಗಲಿಲ್ಲ. ಮೊದಲ ಫಿಸಿಕ್ಸ್ ಟೆಸ್ಟಿನಲ್ಲಿ 50ಕ್ಕೆ 11 ಬಂತು. ಸೈನ್ಸ್ ಬಿಟ್ಟುಬಿಡೋಣ ಅಂತ ಎರಡು ದಿನ ರೂಮಿನಿಂದ ಹೊರಗೇ ಬಂದಿರಲಿಲ್ಲ. ಹೇಗೋ ದಾಟಿದೆ, ಇಂಜಿನಿಯರಿಂಗ್ ಮುಗಿಸಿದೆ, ಇವತ್ತು ದಿನಕ್ಕೆ ಹತ್ತು ಇಮೇಲ್ ಇಂಗ್ಲಿಷಿನಲ್ಲೇ ಬರೀತೀನಿ. ಆದರೆ ದಾಟಿದ್ದು ಹೇಗೆ ಅಂತ ಯಾವತ್ತೂ ಕೂತು ಯೋಚನೆ ಮಾಡಿರಲಿಲ್ಲ.

ಅವತ್ತು ಮಧ್ಯಾಹ್ನ ಪುಟ್ಟಿಯ ತಪ್ಪುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ. ಅರ್ಧ ಗಂಟೆ ನೋಡಿದ ಮೇಲೆ ಒಂದು ವಿಷಯ ಹೊಳೀತು. ಇವು ಸಿಕ್ಕಾಪಟ್ಟೆ ಬರೆದ ತಪ್ಪುಗಳಲ್ಲ. ಹೆಚ್ಚಿನವು ಕನ್ನಡದ ನಿಯಮಗಳು, ಇಂಗ್ಲಿಷ್ ಪದಗಳನ್ನು ತೊಟ್ಟು ನಿಂತಿವೆ ಅಷ್ಟೆ. ಹುಡುಗಿಗೆ ವ್ಯಾಕರಣ ಚೆನ್ನಾಗೇ ಗೊತ್ತಿದೆ. ಅದು ಕನ್ನಡದ್ದು.

ಐಡಿ ಕಾರ್ಡು ಮತ್ತು ಸೀಟು

“ಪುಟ್ಟಿ, ‘ನಾಯಿ ಬೆಕ್ಕನ್ನು ಓಡಿಸಿತು’ ಅನ್ನೋದನ್ನ ಪದ ಹಿಂದೆ ಮುಂದೆ ಮಾಡಿ ಹೇಳು” ಅಂದೆ.

“ಬೆಕ್ಕನ್ನು ನಾಯಿ ಓಡಿಸಿತು. ಓಡಿಸಿತು ನಾಯಿ ಬೆಕ್ಕನ್ನು.”

“ಅರ್ಥ ಬದಲಾಯ್ತಾ?”

“ಇಲ್ಲ.”

“ಈಗ ‘ದ ಡಾಗ್ ಚೇಸ್ಡ್ ದ ಕ್ಯಾಟ್’. ಇದರಲ್ಲಿ ಡಾಗ್, ಕ್ಯಾಟ್ ಜಾಗ ಬದಲಾಯಿಸು.”

“ದ ಕ್ಯಾಟ್ ಚೇಸ್ಡ್ ದ ಡಾಗ್.” ಹೇಳಿ ಮುಗಿಸೋ ಹೊತ್ತಿಗೆ ನಗು ಬಂತು. “ಬೆಕ್ಕೇ ನಾಯೀನ ಓಡಿಸ್ತು!”

ಕನ್ನಡದಲ್ಲಿ ‘ಬೆಕ್ಕನ್ನು’ ಅನ್ನುವಾಗ ‘ಅನ್ನು’ ಎಂಬ ಐಡಿ ಕಾರ್ಡು ಬೆಕ್ಕಿನ ಕೊರಳಲ್ಲೇ ಇರುತ್ತೆ. ಅದು ವಾಕ್ಯದಲ್ಲಿ ಎಲ್ಲಿ ಕೂತರೂ ಓಡಿಸಿಕೊಂಡಿದ್ದು ಯಾರು ಅಂತ ತಿಳಿಯುತ್ತೆ. ಇಂಗ್ಲಿಷಿನಲ್ಲಿ ಐಡಿ ಕಾರ್ಡಿಲ್ಲ, ಸೀಟ್ ನಂಬರ್ ಇದೆ. ಒಂದನೇ ಸೀಟಿನಲ್ಲಿ ಕೂತವನು ಕರ್ತೃ, ಎರಡನೇ ಸೀಟು ಕ್ರಿಯಾಪದಕ್ಕೆ, ಮೂರನೆಯದು ಕರ್ಮಕ್ಕೆ. ಕೋಡ್ ಬರೆಯುವ ಗೆಳೆಯರಿಗೆ ಹೇಳೋದಾದರೆ, ಕನ್ನಡ ಹೆಸರಿಟ್ಟು ಆರ್ಗ್ಯುಮೆಂಟ್ ಕಳಿಸುವ ಭಾಷೆ, ಇಂಗ್ಲಿಷ್ ಸ್ಥಾನ ನೋಡಿ ಆರ್ಗ್ಯುಮೆಂಟ್ ತಗೊಳ್ಳುವ ಭಾಷೆ. ಸ್ಥಾನ ತಪ್ಪಿದರೆ ಪ್ರೋಗ್ರಾಂ ಎರರ್ ಕೊಡದೆಯೂ ಓಡಬಹುದು, ಉತ್ತರ ಮಾತ್ರ ಉಲ್ಟಾ.

ಒಂದು ಕುತೂಹಲದ ಸಂಗತಿ ಏನೆಂದರೆ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮೇಣ ಉದುರಿಹೋದವು. ಉಳಿದ ಚೂರುಪಾರು ಇವತ್ತಿಗೂ ಕಾಣುತ್ತೆ: ‘ಹಿ’ ಅಂದರೆ ಅವನು, ‘ಹಿಮ್’ ಅಂದರೆ ಅವನನ್ನು, ‘ಫಾದರ್ಸ್’ ಅಂದರೆ ಅಪ್ಪನ. ಪ್ರತ್ಯಯ ಹೋದ ಮೇಲೆ ಅರ್ಥ ಉಳಿಸೋ ಹೊಣೆ ಹೆಚ್ಚಾಗಿ ಪದಗಳ ಸಾಲಿನ ಮೇಲೆ, ಮತ್ತೆ ಹಿಂದೆ ಬರುವ ‘ಇನ್’, ‘ಟು’, ‘ಫ್ರಂ’ ಥರದ ಪದಗಳ ಮೇಲೆ ಬಿತ್ತು.

‘ಉ, ಅನ್ನು, ಇಂದ, ಗೆ…’ ಅಂತ ಪುಟ್ಟಿ ಏಳನೇ ಕ್ಲಾಸಿನಿಂದ ಬಾಯಿಪಾಠ ಹೇಳ್ತಾಳೆ. ಅದು ಇಂಗ್ಲಿಷಿಗೂ ಉಪಯೋಗಕ್ಕೆ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದು 13ನೇ ಶತಮಾನದಲ್ಲಿ. ಇಂಗ್ಲಿಷ್ ವ್ಯಾಕರಣದ ಮೊದಲ ಪುಸ್ತಕ ಅಂತ ಗುರುತಿಸೋದು ವಿಲಿಯಂ ಬುಲೋಕರ್ 1586ರಲ್ಲಿ ತಂದಿದ್ದನ್ನು. ಇದನ್ನು ಹೇಳಿದಾಗ ಪುಟ್ಟಿ ಸ್ವಲ್ಪ ನೆಟ್ಟಗೆ ಕೂತಳು.

ಕ್ರಿಯಾಪದ ಇಲ್ಲದ ವಾಕ್ಯ

ಈಗ ‘ಮೈ ಫಾದರ್ ಫಾರ್ಮರ್’ಗೆ ಬರೋಣ. ‘ನಮ್ಮಪ್ಪ ರೈತ.’ ಇದು ಕನ್ನಡದಲ್ಲಿ ಪೂರ್ತಿ ವಾಕ್ಯ. ಕ್ರಿಯಾಪದವೇ ಇಲ್ಲ, ಬೇಕಾಗೂ ಇಲ್ಲ. ‘ಅವಳು ಡಾಕ್ಟರ್’, ‘ಇದು ನಮ್ಮ ಮನೆ’, ಎಲ್ಲವೂ ಹಾಗೇ. ಇಂಗ್ಲಿಷಿನಲ್ಲಿ ಎರಡನೇ ಸೀಟು ಖಾಲಿ ಇರುವ ಹಾಗಿಲ್ಲ. ಕೆಲಸ ಮಾಡೋ ಕ್ರಿಯಾಪದ ಇಲ್ಲದಿದ್ದರೆ ‘ಈಸ್’, ‘ಆಮ್’, ‘ಆರ್’ ಬಂದು ಅಲ್ಲಿ ಕೂರಬೇಕು. ‘ಮೈ ಫಾದರ್ ಈಸ್ ಎ ಫಾರ್ಮರ್.’

ಇದನ್ನು ಕಲಿತ ಮಕ್ಕಳು ಮಾಡುವ ಮುಂದಿನ ತಪ್ಪು ‘ಐ ಆಮ್ ಗೋ ಟು ಸ್ಕೂಲ್’. ‘ಈಸ್, ಆಮ್ ಹಾಕಬೇಕು’ ಅಂದದ್ದನ್ನೇ ಹಿಡಿದುಕೊಂಡು ಎಲ್ಲಾ ಕಡೆ ಹಾಕ್ತಾರೆ. ಆಗ ಹೇಳಬೇಕಾದ್ದು ಇಷ್ಟೆ: ಸೀಟಿನಲ್ಲಿ ಆಗಲೇ ‘ಗೋ’ ಕೂತಿದೆ, ‘ಆಮ್’ ಯಾಕೆ ಬೇಕು? ಒಂದೋ ‘ಐ ಗೋ’, ಇಲ್ಲ ‘ಐ ಆಮ್ ಗೋಯಿಂಗ್’. ಮೊದಲನೆಯದು ದಿನಾ ಹೋಗ್ತೀನಿ ಅನ್ನೋದಕ್ಕೆ, ಎರಡನೆಯದು ಈಗ ಹೋಗ್ತಾ ಇದ್ದೀನಿ ಅನ್ನೋದಕ್ಕೆ.

ಸೀಟಿಗೆ ಹಾಕಿದ ಟವೆಲ್

ಫೋನಿನಲ್ಲಿ ‘ಬಂದೆ’ ಅಂತ ಒಂದೇ ಪದ ಹೇಳಿದರೂ ಬಂದವನು ನಾನೇ ಅಂತ ಗೊತ್ತಾಗುತ್ತೆ. ಕನ್ನಡದ ಕ್ರಿಯಾಪದದ ಬಾಲದಲ್ಲೇ ಕರ್ತೃ ಇದ್ದಾನೆ. ‘ಬಂದಳು’ ಅಂದರೆ ಅವಳು, ‘ಬಂದರು’ ಅಂದರೆ ಅವರು. ಇಂಗ್ಲಿಷಿನ ‘ಕೇಮ್’ನಲ್ಲಿ ಯಾರೂ ಇಲ್ಲ. ಹಾಗಾಗಿ ಒಂದನೇ ಸೀಟು ಯಾವಾಗಲೂ ತುಂಬಿರಬೇಕು. ‘ಬಾ’, ‘ಹೋಗು’ ಅಂತ ಆಜ್ಞೆ ಮಾಡುವಾಗ ಮಾತ್ರ ರಿಯಾಯಿತಿ.

“ಹಾಗಾದ್ರೆ ‘ಮಳೆ ಬರ್ತಿದೆ’ಗೆ ‘ಇಟ್ ಈಸ್ ರೈನಿಂಗ್’ ಅಂತಾರಲ್ಲ, ಆ ‘ಇಟ್’ ಯಾರು ಮಾಮ?”

ಒಳ್ಳೆ ಪ್ರಶ್ನೆ. ಆ ‘ಇಟ್’ ಯಾರೂ ಅಲ್ಲ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಬಂದ ತಕ್ಷಣ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತೀವಲ್ಲ, ಆ ಟವೆಲ್. ಸೀಟು ಖಾಲಿ ಬಿಡಬಾರದು ಅಂತ ಹಾಕಿದ್ದು. ‘ಇಟ್ ಈಸ್ ಲೇಟ್’, ‘ಇಟ್ ಈಸ್ ಹಾಟ್’, ಎಲ್ಲಾ ಕಡೆ ಅದೇ ಟವೆಲ್ಲು. ಅವತ್ತಿನಿಂದ ನಮ್ಮಿಬ್ಬರ ಮಧ್ಯೆ ‘ಟವೆಲ್ ಹಾಕು’ ಅನ್ನೋದು ವ್ಯಾಕರಣದ ಪರಿಭಾಷೆ ಆಗಿಬಿಟ್ಟಿದೆ.

ನನಗೆ, ನನಗೆ, ನನಗೆ

ಪತ್ರಿಕೆಯಲ್ಲಿದ್ದ ರಜಾ ಅರ್ಜಿಯಲ್ಲಿ ‘ಟು ಮಿ ಫೀವರ್ ಕಮಿಂಗ್’ ಅಂತ ಬರೆದಿದ್ದಳು. ‘ನನಗೆ ಜ್ವರ ಬಂದಿದೆ’ ಅನ್ನೋದರ ಪ್ರಾಮಾಣಿಕ ಅನುವಾದ. ಕನ್ನಡದಲ್ಲಿ ಜ್ವರ, ಹಸಿವು, ಇಷ್ಟ, ಜ್ಞಾನ ಎಲ್ಲವೂ ಹೊರಗಿನಿಂದ ನಮಗೆ ಬರುವಂಥವು. ನನಗೆ ಹಸಿವಾಗುತ್ತೆ, ನನಗೆ ಗೊತ್ತು, ನನಗೆ ಇಷ್ಟ, ನನಗೆ ಇಬ್ಬರು ತಮ್ಮಂದಿರು. ಇಂಗ್ಲಿಷ್ ಇಲ್ಲೆಲ್ಲಾ ‘ನನಗೆ’ ಅನ್ನೋದನ್ನು ಎತ್ತಿ ಒಂದನೇ ಸೀಟಿನಲ್ಲಿ ‘ಐ’ ಅಂತ ಕೂರಿಸುತ್ತೆ. ‘ಐ ಆಮ್ ಹಂಗ್ರಿ’, ‘ಐ ನೋ’, ‘ಐ ಲೈಕ್ ಇಟ್’, ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಹ್ಯಾವ್ ಎ ಫೀವರ್’.

ಕನ್ನಡದ ‘ನನಗೆ’ ವಾಕ್ಯಗಳನ್ನು ಒಂದು ಪುಟದಲ್ಲಿ ಬರೆದು ಪಕ್ಕದಲ್ಲಿ ಇಂಗ್ಲಿಷ್ ಬರೆಸಿದೆ. ಹದಿನೈದು ವಾಕ್ಯ ಆಗೋ ಹೊತ್ತಿಗೆ ಅವಳೇ ದಾರಿ ಹಿಡಿದಿದ್ದಳು.

ಒಬ್ಬರೇ ತೊಡೋ ಭೂತಕಾಲ

ಎರಡು ಗೆರೆ ಬಿದ್ದಿದ್ದ ‘ಡಿಡ್ ಯೂ ವೆಂಟ್’ ಎಲ್ಲರೂ ಮಾಡುವ ತಪ್ಪು. ಕನ್ನಡದಲ್ಲಿ ಪ್ರಶ್ನೆ ಕೇಳೋದು ಸುಲಭ, ಕೊನೆಗೆ ‘ಆ’ ಸೇರಿಸಿದರೆ ಮುಗೀತು: ಹೋದೆ, ಹೋದೆಯಾ? ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಎದ್ದು ಕರ್ತೃವಿನ ಮುಂದೆ ಬರಬೇಕು. ‘ಷಿ ಈಸ್ ಎ ಟೀಚರ್’ ಇದ್ದದ್ದು ‘ಈಸ್ ಷಿ ಎ ಟೀಚರ್?’ ಆಗುತ್ತೆ. ಸಹಾಯಕ ಇಲ್ಲದಿದ್ದರೆ ‘ಡು’ವನ್ನು ಕರೆಸಬೇಕು. ‘ಡು’ ಬಂದ ಕೂಡಲೇ ಕಾಲದ ಜವಾಬ್ದಾರಿ ಅದು ಹೊತ್ತುಕೊಳ್ಳುತ್ತೆ, ‘ಡಿಡ್’ ಆಗುತ್ತೆ. ‘ವೆಂಟ್’ ತನ್ನ ಭೂತಕಾಲ ಕಳಚಿಟ್ಟು ‘ಗೋ’ ಆಗಿಬಿಡುತ್ತೆ. ‘ಡಿಡ್ ಯೂ ಗೋ?’

ಇದು ವಿಚಿತ್ರ ಅನ್ನಿಸಿದರೆ ನಮ್ಮದನ್ನೇ ನೋಡಿ. ‘ನಾನು ಹೋದೆ’ ಅನ್ನೋದಕ್ಕೆ ವಿರುದ್ಧ ‘ನಾನು ಹೋದೆ ಇಲ್ಲ’ ಅಲ್ಲ, ‘ನಾನು ಹೋಗಲಿಲ್ಲ’. ‘ಹೋದೆ’ ಅನ್ನೋ ಭೂತಕಾಲದ ರೂಪ ‘ಹೋಗಲ್’ ಅಂತ ಸಾದಾ ಆಯ್ತು, ಮುಂದಿನ ಕೆಲಸ ‘ಇಲ್ಲ’ ವಹಿಸಿಕೊಂಡಿತು. ‘ಐ ಡಿಡ್ ನಾಟ್ ಗೋ’ದಲ್ಲಿ ನಡೆಯೋದೂ ಹೆಚ್ಚುಕಡಿಮೆ ಇದೇ. ಪುಟ್ಟಿ ಇದನ್ನು ಕೇಳಿ, “ಅಯ್ಯೋ, ನಾವೂ ಹೀಗೇ ಮಾಡ್ತೀವಾ?” ಅಂದಳು. ಆಮೇಲೆ ‘ಡಿಡ್’ ತಪ್ಪು ಬಹಳ ಕಡಿಮೆ ಆಯ್ತು.

ಇಂಗ್ಲಿಷ್ ಸುಲಭವಾಗಿರೋ ಜಾಗ

ಮಕ್ಕಳಿಗೆ ಬರೀ ಕಷ್ಟವನ್ನೇ ಹೇಳಬಾರದು. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತೇವೆ, ಹೋಗುತ್ತೀರಿ, ಹೋಗುತ್ತಾರೆ, ಹೋಗುತ್ತವೆ. ಒಂಬತ್ತು ರೂಪ, ಪುಟ್ಟಿ ಮೂರು ವರ್ಷದವಳಿದ್ದಾಗಲೇ ತಪ್ಪಿಲ್ಲದೆ ಹೇಳ್ತಿದ್ದಳು. ಇಂಗ್ಲಿಷಿನಲ್ಲಿ ಎರಡೇ: ‘ಗೋ’, ‘ಗೋಸ್’. ಭೂತಕಾಲದಲ್ಲಿ ಒಂದೇ: ‘ವೆಂಟ್’. “ಅಷ್ಟೇನಾ?” ಅಂದ ಅವಳ ಮುಖದಲ್ಲಿ ಮೊದಲ ಸಲ ಇಂಗ್ಲಿಷಿನ ಬಗ್ಗೆ ಸಣ್ಣ ತಾತ್ಸಾರ ಕಂಡಿತು. ನನಗೆ ಸಮಾಧಾನವಾಯ್ತು. ಹೆದರುವುದಕ್ಕಿಂತ ಅದೇ ವಾಸಿ.

ಇನ್ನೊಂದು ಪ್ರಶ್ನೆ ಅವಳದ್ದೇ. ‘ಯೂ’ ಅಂದರೆ ನೀನು, ಒಬ್ಬನೇ. ಹಾಗಿದ್ದರೂ ‘ಆರ್’ ಯಾಕೆ? ಹಿಂದೆ ಇಂಗ್ಲಿಷಿನಲ್ಲೂ ನೀನು, ನೀವು ಎರಡೂ ಇದ್ದವು. ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ಮರ್ಯಾದೆಗೆ ಒಬ್ಬರಿಗೂ ‘ಯೂ’ ಅನ್ನೋಕೆ ಶುರುಮಾಡಿ, ಕೊನೆಗೆ ‘ದೌ’ ಬಳಕೆಯಿಂದಲೇ ಹೊರಟುಹೋಯ್ತು. ‘ಯೂ ಆರ್’ ಅಂದರೆ ‘ನೀವು ಇದ್ದೀರಿ’. ಬಹುವಚನ ಕೊಡೋದನ್ನು ನಮ್ಮ ಮಕ್ಕಳಿಗೆ ಬೇರೆ ಹೇಳಿಕೊಡಬೇಕಾ?

ಎಲ್ಲದಕ್ಕೂ ಈ ದಾರಿ ಇಲ್ಲ

‘ಎ’, ‘ಆನ್’, ‘ದ’ಗಳಿಗೆ ಕನ್ನಡದಲ್ಲಿ ಸರಿಸಮ ಇಲ್ಲ. ನಮ್ಮ ಒಂದೇ ‘ಅಲ್ಲಿ’ ಇಂಗ್ಲಿಷಿನಲ್ಲಿ ಮೂರಾಗುತ್ತೆ. ಬೆಂಗಳೂರಿನಲ್ಲಿ ಅನ್ನೋದಕ್ಕೆ ‘ಇನ್’, ಬಸ್ ಸ್ಟಾಪಿನಲ್ಲಿ ಅನ್ನೋದಕ್ಕೆ ‘ಅಟ್’, ಸೋಮವಾರದಲ್ಲಿ ಅನ್ನೋದಕ್ಕೆ ‘ಆನ್’. ಇವು ಓದಿ, ಕೇಳಿ ಕಿವಿಗೆ ಕೂರಬೇಕು. ಸ್ಪೆಲ್ಲಿಂಗ್ ಅಂತೂ ಬರೆದು ಬರೆದೇ ಬರೋದು.

ನಾವು ಕೂಡ ಪೂರ್ತಿ ದಾಟಿಲ್ಲ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ನಾನೇ ಒಂದು ಇಂಟರ್‌ವ್ಯೂನಲ್ಲಿ ಹೇಳಿದ್ದೀನಿ. ‘ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಅನ್ನೋದರ ‘ಇಂದ’ ಹೋಗಿ ‘ಸಿನ್ಸ್’ ಆಗಿತ್ತು, ‘ಮಾಡ್ತಿದ್ದೀನಿ’ ಹೋಗಿ ‘ಆಮ್ ವರ್ಕಿಂಗ್’ ಆಗಿತ್ತು. ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಆಫೀಸಿನಲ್ಲಿ ನಾವು ಹೇಳುವ ‘ಹಿಯರ್ ಓನ್ಲಿ’ ಕೂಡ ನಮ್ಮ ‘ಇಲ್ಲೇ’ ಅಲ್ವಾ? ಪುಟ್ಟಿಗೆ ನನ್ನ ಈ ತಪ್ಪುಗಳನ್ನು ಹೇಳಿದ್ದು, ನಾನು ಹೇಳಿಕೊಟ್ಟ ಎಲ್ಲಾ ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತೆ.

ವಾರಕ್ಕೆ ಅರ್ಧ ಗಂಟೆ

ರಜೆ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ ವಿಡಿಯೊ ಕಾಲ್ ಮಾಡ್ತೀವಿ. ನಿಮ್ಮ ಮನೆಯಲ್ಲೂ ಅಕ್ಕನ ಮಗಳೋ, ಚಿಕ್ಕಪ್ಪನ ಮಗನೋ ಹೈಸ್ಕೂಲಿನಲ್ಲಿದ್ದರೆ ನಮಗೆ ಉಪಯೋಗ ಆದದ್ದು ಇಷ್ಟು:

1. ದಿನಕ್ಕೆ ಐದೇ ವಾಕ್ಯ, ಅವತ್ತು ಮನೆಯಲ್ಲಿ ನಡೆದದ್ದರ ಬಗ್ಗೆ. ‘ರಾಮ ಮಾವಿನಹಣ್ಣು ತಿಂದನು’ ಬೇಡ. ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ.

2. ಒಂದು ಸಲಕ್ಕೆ ಒಂದೇ ಥರದ ತಪ್ಪು ತಿದ್ದಿ. ಈ ವಾರ ‘ಈಸ್’ ಅಂದರೆ ‘ಈಸ್’ ಮಾತ್ರ. ಉಳಿದದ್ದನ್ನು ಕಂಡರೂ ಕಾಣದ ಹಾಗಿರಿ. ನನಗೆ ಇದೇ ಬಹಳ ಕಷ್ಟವಾಯ್ತು.

3. ಹನ್ನೆರಡು ಟೆನ್ಸ್‌ಗಳ ಕೋಷ್ಟಕದಿಂದ ಶುರು ಮಾಡಬೇಡಿ. ಮೂರು ಪ್ರಶ್ನೆ ಸಾಕು: ಒಂದನೇ ಸೀಟಿನಲ್ಲಿ ಯಾರಿದ್ದಾರೆ? ಎರಡನೇ ಸೀಟಿನಲ್ಲಿ ಕ್ರಿಯಾಪದ ಇದೆಯಾ? ಭೂತಕಾಲ ಎರಡು ಕಡೆ ಬಂದಿದೆಯಾ? ಪರೀಕ್ಷೆಯಲ್ಲಿ ತಪ್ಪು ಹುಡುಕಿ ತಿದ್ದಿ ಅನ್ನೋ ಪ್ರಶ್ನೆ ಬಂದಾಗಲೂ ಇವೇ ಸಹಾಯಕ್ಕೆ ಬರುತ್ತವೆ.

4. ಸೈನ್ಸ್ ಕಡೆ ಹೋಗೋ ಮನಸ್ಸಿದ್ದರೆ ವಾರಕ್ಕೆ ಹತ್ತು ಪದ ಜೋಡಿಸಿ ಬರೆಸಿ. ದ್ಯುತಿಸಂಶ್ಲೇಷಣೆ ಅಂದರೆ ಫೋಟೋಸಿಂಥೆಸಿಸ್, ವೇಗೋತ್ಕರ್ಷ ಅಂದರೆ ಆಕ್ಸಲರೇಷನ್. ವಿಷಯ ಆಗಲೇ ಗೊತ್ತಿದೆ, ಹೆಸರು ಮಾತ್ರ ಹೊಸದು ಅಂತ ಅವರಿಗೆ ಅರ್ಥವಾಗಲಿ.

5. ನಗಬೇಡಿ. ತಪ್ಪು ಬಂದರೆ ‘ಇದನ್ನ ಕನ್ನಡದಲ್ಲಿ ಹೇಗೆ ಹೇಳ್ತೀಯ?’ ಅಂತ ಕೇಳಿ. ಹೆಚ್ಚಿನ ಸಲ ಕಾರಣ ಅಲ್ಲೇ ಸಿಗುತ್ತೆ.

ಪುಟ್ಟಿ ಸೈನ್ಸ್ ತಗೋತಾಳಾ? ಇನ್ನೂ ಗೊತ್ತಿಲ್ಲ. ಮೊನ್ನೆ ಅಕ್ಕ ಕೇಳಿದ್ದಕ್ಕೆ “ರಿಸಲ್ಟ್ ಬರಲಿ ಅಮ್ಮ, ನೋಡೋಣ” ಅಂದಳಂತೆ. ‘ತಗೊಳ್ಳಲ್ಲ’ ಅನ್ನೋದು ‘ನೋಡೋಣ’ಕ್ಕೆ ಬಂದಿದೆ. ಸದ್ಯಕ್ಕೆ ನನಗೆ ಅಷ್ಟು ಸಾಕು.

ಕಳೆದ ವಾರ ಬೆಳಗ್ಗೆ ಆಫೀಸಿಗೆ ಹೊರಟಿದ್ದಾಗ ವಾಟ್ಸಾಪ್‌ಗೆ ಮೆಸೇಜ್ ಬಂತು. ‘ಅವರ್ ಕೌ ಗೇವ್ ಬರ್ತ್ ಟು ಎ ಕಾಫ್ ಯೆಸ್ಟರ್‌ಡೇ. ಇಟ್ ಈಸ್ ಬ್ರೌನ್. ಐ ಡಿಡ್ ನಾಟ್ ಸ್ಲೀಪ್. ಮೈ ಗ್ರ್ಯಾಂಡ್‌ಮದರ್ ಆಲ್ಸೋ ನಾಟ್ ಸ್ಲೀಪ್.’

ಕೊನೆಯ ವಾಕ್ಯ ನೋಡಿ ಉತ್ತರ ಟೈಪ್ ಮಾಡೋಕೆ ಶುರು ಮಾಡಿದ್ದೆ. ಕಳಿಸೋ ಮೊದಲೇ ಇನ್ನೊಂದು ಮೆಸೇಜ್ ಬಂತು.

“ತಡಿ ಮಾಮ, ಅಜ್ಜಿಗೆ ‘ಡಿಡ್’ ಹಾಕೋದು ಮರೆತೆ.”